ಮೊದಲ ಸೆಮಿ ಆಟೋಮ್ಯಾಟಿಕ್ ಯಾವುದು ತೆಗೆದುಕೊಳ್ಳಲಿ, ಮಾವ?

ಉಡುಪಿ ಜಿಲ್ಲೆಯ ಪೆರ್ಡೂರಿನ ಹತ್ತಿರ ಮೂರು ಎಕರೆ ಅಡಿಕೆ ತೋಟ, ಬೆಳೆ ರಕ್ಷಣೆಯ ಪರವಾನಗಿ ಇರುವ ಒಂದು ಒಂಟಿ ನಳಿಗೆಯ ಕೋವಿ. ನನ್ನ ಅರ್ಹತೆ ಇಷ್ಟೇ. ಆದರೂ ಕೋವಿಯ ಸುದ್ದಿ ಬಂದರೆ ನಾನು ಬಾಯಿ ಮುಚ್ಚಿ ಕೂರುವವನಲ್ಲ ಎಂದು ಬಂಧುಬಳಗಕ್ಕೆಲ್ಲ ಗೊತ್ತಿರುವುದರಿಂದ, ಮದುವೆಯ ಊಟದ ಪಂಕ್ತಿಯಲ್ಲೂ ಈ ವಿಷಯದ ಪ್ರಶ್ನೆಗಳು ನನ್ನ ಎಲೆಗೇ ಬಂದು ಬೀಳುತ್ತವೆ. ಮೊದಲೆಲ್ಲ ಪರವಾನಗಿಗೆ ಎಷ್ಟು ತಿಂಗಳು ಬೇಕು ಎಂದು ಕೇಳುತ್ತಿದ್ದರು. ಈಗಿನ ಹುಡುಗರ ಪ್ರಶ್ನೆಯೇ ಬೇರೆ. ಮಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಕಳೆದ ಅಷ್ಟಮಿಗೆ ಬಂದವನು ಕೇಳಿದ್ದೂ ಅದನ್ನೇ: "ಮಾವ, ಬಜೆಟ್ ಕಡಿಮೆ. ಕೈಕೊಡದಂಥ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್, ಮೊದಲ ಸಲಕ್ಕೆ, ಯಾವುದು ತೆಗೆದುಕೊಳ್ಳಲಿ?"

ಕುದುರೆ ಒತ್ತಿದ ಪ್ರತಿ ಸಲ ಒಂದು ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವುದು ಸೆಮಿ ಆಟೋಮ್ಯಾಟಿಕ್. ಪ್ರಶ್ನೆ ಎಲ್ಲಿಂದ ಬಂತೆಂದು ವಿಚಾರಿಸಬೇಕಾಗಿರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಅವನು ನೋಡುವುದೆಲ್ಲ ಅಮೆರಿಕದವರ ವಿಡಿಯೊ. ಆ ದೇಶದಲ್ಲಿ ಇದಕ್ಕೆ ಸಿದ್ಧ ಉತ್ತರವೂ ಇದೆ: ರೂಗರ್ 10/22. 1964ರಿಂದ ತಯಾರಾಗುತ್ತಿರುವ, ಹತ್ತು ಗುಂಡು ಹಿಡಿಯುವ, .22 ಇಂಚು ಬೋರಿನ ರೈಫಲ್. ಗುಂಡು ಅಗ್ಗ, ಹೆಗಲಿಗೆ ಪೆಟ್ಟಿಲ್ಲ, ಬಿಡಿಭಾಗ ಬೇಕಾದಷ್ಟು. ನಾನು ಅಲ್ಲಿ ಹುಟ್ಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಹಿರಿಯಡಕ ಪೇಟೆಯಲ್ಲಿ ನಿಂತು ಕೇಳಿದರೆ ಮಾತ್ರ ಅದು ಚಂದ್ರಲೋಕದ ಸೈಟಿನ ದರ ವಿಚಾರಿಸಿದ ಹಾಗೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಸೆಮಿ ಆಟೋಮ್ಯಾಟಿಕ್ ರೈಫಲ್ ಇರುವುದು ನಿರ್ಬಂಧಿತ ವರ್ಗದಲ್ಲಿ. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ತರುವ ವಸ್ತು ಅದಲ್ಲ, ಕೇಂದ್ರ ಗೃಹ ಸಚಿವಾಲಯದ ಅಂಗಳದ್ದು. .303, 7.62ರಂಥ ಸೇನೆಯ ಗುಂಡು ಹಾರಿಸುವ ರೈಫಲ್ಲುಗಳಂತೂ ದೂರದಿಂದಲೇ ನಮಸ್ಕಾರ. ವಿದೇಶದಿಂದ ತರಿಸೋಣವೆಂದರೆ, ಜನಸಾಮಾನ್ಯರಿಗೆ ಕೋವಿಯ ಆಮದು ಎಂಬತ್ತರ ದಶಕದಲ್ಲೇ ನಿಂತಿದೆ. ಆ ರಿಯಾಯಿತಿ ಇರುವುದು ಹೆಸರಾಂತ ಶೂಟರ್‌ಗಳಿಗೆ. "ಕೊಡಗಿನವರಿಗೆ ಇದೆಯಲ್ಲ" ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೂ ಇರುವುದು ಪರವಾನಗಿಯಿಂದ ವಿನಾಯಿತಿ; ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಆ ವಿನಾಯಿತಿ ಸಂಪಾಜೆ ಘಾಟಿ ಇಳಿದು ನಮ್ಮ ಕಡೆಗೆ ಬಂದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಹುಡುಗ ನನ್ನನ್ನು ಕಾನೂನಿಗೆ ಹೆದರುವ ಮುದುಕ ಎಂದುಕೊಳ್ಳುತ್ತಾನೆ. ನಿಜವಾಗಿ ನನ್ನ ತಕರಾರು ಬೇರೆ. ಕಾನೂನು ಬಿಟ್ಟುಕೊಟ್ಟರೂ ನಮ್ಮ ನೆಲ ರೈಫಲ್ಲಿಗೆ ಹೇಳಿಸಿದ್ದಲ್ಲ.

ಬಯಲುಸೀಮೆಯಲ್ಲಿ ಊರು ಎಂದರೆ ಒಂದು ಗುಂಪು ಮನೆ. ಅದನ್ನು ದಾಟಿದರೆ ಮೈಲುಗಟ್ಟಲೆ ಹೊಲ. ನಮ್ಮಲ್ಲಿ ಹಾಗಿಲ್ಲ. ಪ್ರತಿ ಮನೆ ಅದರದರ ತೋಟದ ನಡುವೆ. ನನ್ನ ಅಂಗಳದಲ್ಲಿ ನಿಂತು ಯಾವ ದಿಕ್ಕಿಗೆ ಕೈ ತೋರಿಸಿದರೂ ಅಡಿಕೆ ಮರಗಳ ಹಿಂದೆ ಒಂದು ಹಂಚಿನ ಮಾಡು ಇದ್ದೇ ಇದೆ, ಕಾಣುವುದಿಲ್ಲ ಅಷ್ಟೆ. ಅದಕ್ಕೂ ಆಚೆ ಶಾಲೆಗೆ ಹೋಗುವ ಕಾಲುದಾರಿ, ಅಲ್ಲೊಂದು ಸಂಕ. ಪುಟ್ಟದೆಂದು ಮುದ್ದು ಮಾಡುವ .22ರ ಗುಂಡು ಕೂಡ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ, ನಮ್ಮ ದೇಶದ ಕಾರ್ಖಾನೆಯ .315 ರೈಫಲ್ಲಿನದು ಇನ್ನೂ ದೂರ. ನಮ್ಮ ಕೋವಿಯ ಚರೆ, ಅಂದರೆ ಒಂದೇ ತೋಟೆಯಿಂದ ಒಟ್ಟಿಗೆ ಹಾರುವ ಸಣ್ಣ ಸೀಸದ ಕಾಳುಗಳು, ಹಾಗಲ್ಲ. ನಾಲ್ಕನೇ ನಂಬರಿನ ಚರೆ ಮುನ್ನೂರು ಮೀಟರ್ ಒಳಗೆ ಸೋತು ಉದುರುತ್ತದೆ. ಒಮ್ಮೆ ಮಂಗ ಬೆದರಿಸಲೆಂದು ಆಕಾಶಕ್ಕೆ ಈಡು ಬಿಟ್ಟಾಗ ಆಚೆಮನೆಯ ಹಂಚಿನ ಮೇಲೆ ಒಂದು ಹಿಡಿ ಹೆಸರುಕಾಳು ಚೆಲ್ಲಿದಂಥ ಸದ್ದಾಯಿತು. ಮರುದಿನ ಆ ಮನೆಯ ಅಕ್ಕ ಹಾಲು ಡೇರಿಯ ಹತ್ತಿರ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈಗುಳದಲ್ಲಿ ಮುಗಿಯಿತು, ಏಕೆಂದರೆ ಅದು ಚರೆ. ಅಂದಿನಿಂದ ಆ ದಿಕ್ಕಿಗೆ ನಳಿಗೆ ಎತ್ತಿಲ್ಲ.

ಇನ್ನು ಬೇಗ ಬೇಗ ಹತ್ತು ಈಡು ನಮಗೆ ಯಾತಕ್ಕೆ? ನಳ್ಳಿ ಎಂಬ ಎಳೆ ಅಡಿಕೆ ಚೀಪುವ, ಎಳನೀರಿನ ಬೊಂಡ ತೂತು ಮಾಡುವ ಮಂಗಗಳಿಗೆ ಬೇಕಾದದ್ದು ಸದ್ದು ಮಾತ್ರ. ಹಂದಿ, ನವಿಲು ಎರಡೂ 1972ರ ವನ್ಯಜೀವಿ ಕಾಯ್ದೆಯ ಆಶ್ರಯದಲ್ಲಿವೆ. ಬೆಳೆ ರಕ್ಷಣೆ ಎಂದು ಪರವಾನಗಿಯಲ್ಲಿ ಬರೆದಿದೆಯೇ ಹೊರತು ಮಾಂಸದ ಪದಾರ್ಥಕ್ಕೆ ಎಂದು ಬರೆದಿಲ್ಲ. ಸದ್ದೇ ಬೇಕಾದರೆ ಗರ್ನಾಲು ಪಟಾಕಿಯೂ ಸಾಕು. ತುಳುವಿನಲ್ಲಿ ಕೋವಿಗೂ ಬೆಡಿ, ಜಾತ್ರೆಯ ಸುಡುಮದ್ದಿಗೂ ಬೆಡಿ. ಹೆಸರಿಟ್ಟವರಿಗೆ ವಿಷಯ ಸರಿಯಾಗಿ ಗೊತ್ತಿತ್ತು.

"ಕೈಕೊಡದಂಥ" ಎಂದನಲ್ಲ, ಆ ಮಾತು ನನಗೆ ಹಿಡಿಸಿತು. ಉಡುಪಿ ಜಿಲ್ಲೆಯಲ್ಲಿ ಕೋವಿ ಕೈಕೊಡುವುದಕ್ಕೆ ಮೊದಲ ಕಾರಣ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಊರು ಇದು. ತುಳುವರ ಆಟಿ ತಿಂಗಳ ಮಳೆಯಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಸಲು ಬರುತ್ತದೆ. ಸೆಮಿ ಆಟೋಮ್ಯಾಟಿಕ್ ಕೆಲಸ ಮಾಡುವುದು ಒಂದು ಈಡಿನ ಬಲದಿಂದ ಖಾಲಿ ತೋಟೆ ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದಿನದನ್ನು ಒಳಗೆ ತಳ್ಳಿ. ತೋಟೆ ಥಂಡಿ ಹಿಡಿದು ಬಲ ಕುಂದಿದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಎಣ್ಣೆ ಹೆಚ್ಚಾದರೆ ಮಸಿ ಅಂಟುತ್ತದೆ, ಕಡಿಮೆಯಾದರೆ ತುಕ್ಕು. ಒಂಟಿ ನಳಿಗೆಯ ಕೋವಿಗೆ ಈ ತಾಪತ್ರಯವಿಲ್ಲ: ಮಡಚು, ತೋಟೆ ಹಾಕು, ಮುಚ್ಚು. ತೋಟೆ ಠುಸ್ ಎಂದರೆ ನಳಿಗೆಯನ್ನು ಜನವಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾದು ತೆಗೆ. ಜೋಡಿ ನಳಿಗೆಯದಾದರೆ ಒಂದು ಕಡೆ ಕೆಟ್ಟರೂ ಇನ್ನೊಂದು ಇರುತ್ತದೆ.

ತುಕ್ಕಿನ ವಿಷಯದಲ್ಲಿ ನನ್ನದೂ ಒಂದು ದಡ್ಡತನವಿದೆ. ಅಜ್ಜನ ಕಾಲದ ಪದ್ಧತಿಯೆಂದು ಎರಡು ವರ್ಷ ನಳಿಗೆಗೆ ತೆಂಗಿನೆಣ್ಣೆ ಸವರಿದೆ. ಅದು ಅಂಟಾಗಿ, ಅಂಟಿಗೆ ಧೂಳು ಕೂತು, ಬೀಗದ ಭಾಗ ಬಿಗಿದುಕೊಂಡಿತು. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು. ಹಳೆಯ ಮುಂಡಿನ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನಳಿಗೆಯೊಳಗಿಂದ ಎಳೆದರೆ, ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಎಳೆದರೆ, ಅರ್ಧ ಯುದ್ಧ ಗೆದ್ದ ಹಾಗೆ.

ಹಾಗಾದರೆ ಬಜೆಟ್? ಅತಿ ಅಗ್ಗದ ಮೊದಲ ಕೋವಿ ಎಂದರೆ ಮನೆಯಲ್ಲೇ ಇರುವ ಕೋವಿ. ಇದನ್ನು ಯಾವ ವಿಡಿಯೊದವನೂ ಹೇಳುವುದಿಲ್ಲ. 2016ರ ನಿಯಮದಲ್ಲಿ ವಾರಸುದಾರರಿಗೆ ಒಂದು ದಾರಿ ಇಟ್ಟಿದ್ದಾರೆ. ಪರವಾನಗಿ ಇದ್ದವರು ತೀರಿಕೊಂಡ ಮೇಲೆ ಮಾತ್ರವಲ್ಲ, ಅವರಿಗೆ 70 ತುಂಬಿದ್ದರೆ, ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ಮಕ್ಕಳ ಹೆಸರಿಗೆ ಪರವಾನಗಿ ಕೇಳಬಹುದು. ಶಸ್ತ್ರ ಸುರಕ್ಷತೆಯ ತರಬೇತಿ, ಪೊಲೀಸ್ ವರದಿ ಎಲ್ಲ ಇದ್ದದ್ದೇ. ತರಬೇತಿಯನ್ನು ಕಾಟಾಚಾರಕ್ಕೆ ಮಾಡಬೇಡಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಕಾಲವಾಗಿದ್ದರೆ ನನ್ನ ಕೋವಿಯೇ ಈ ಹುಡುಗನಿಗೆ ಹೋಗುತ್ತಿತ್ತು. ಈಗ ಅವನು ಕಣ್ಣಿಡಬೇಕಾದದ್ದು ಅವನ ಅಪ್ಪನ ಕೋವಿಯ ಮೇಲೆ. ಭಾವನಿಗೆ 71. ಜೋಡಿ ನಳಿಗೆಯ 12 ಬೋರ್, ಮೂವತ್ತು ವರ್ಷದಿಂದ ಅವರ ಹೆಸರಿನಲ್ಲಿದೆ.

ಮನೆಯದಾದರೂ ಅಂಗಡಿಯ ಹಳೆಯದಾದರೂ ನೋಡದೆ ಒಪ್ಪಬಾರದು. ಮೊದಲು ಮಡಚಿ, ಖಾಲಿಯೆಂದು ಕಣ್ಣಾರೆ ಕಂಡು, ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿಯಬೇಕು. ಒಳಗೆ ಬಳೆ ಬಳೆಯಾಗಿ ಬೆಳಕಿನ ಉಂಗುರಗಳು ಕಾಣುತ್ತವೆ. ಉಂಗುರ ಒಂದು ಕಡೆ ಮುರಿದಿದ್ದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಉಬ್ಬಿದ ನಳಿಗೆಯನ್ನು ಪುಕ್ಕಟೆ ಕೊಟ್ಟರೂ ಬೇಡ. ಕಪ್ಪು ಚುಕ್ಕೆ ತುಕ್ಕಿನದು, ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಖ್ಯ. ಆಮೇಲೆ ಮುಚ್ಚಿ, ಹಿಡಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಳಿಗೆಯನ್ನು ಅಲುಗಾಡಿಸಿ ನೋಡಬೇಕು. ಹಳೆಯ ಬಾಗಿಲಿನ ಹಾಗೆ ಕಟಕಟ ಎಂದರೆ ಕೀಲು ಸವೆದಿದೆ. ನಳಿಗೆಯಡಿಯ ಗುರುತನ್ನು ಓದುವವರು ಕಡಿಮೆ. ಅಲ್ಲಿ 65 ಎಂದಿದ್ದರೆ 70 ಮಿಲಿಮೀಟರಿನ ತೋಟೆ ಹಾಕಬಾರದು. ಅದು ಒಳಗೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಈಡಾದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೊನೆಗೆ ಕೋವಿಯ ನಂಬರು, ಪರವಾನಗಿಯ ನಂಬರು ಒಂದೇ ಹೌದೇ ಎಂದು ಅಂಕಿ ಅಂಕಿ ತಾಳೆ ನೋಡಬೇಕು. ಕಾಗದವಿಲ್ಲದ ಕೋವಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಅವರ ಜೊತೆ ಚಾ ಕೂಡ ಕುಡಿಯಬೇಡಿ.

ಖರ್ಚಿನ ಲೆಕ್ಕದಲ್ಲಿ ಚುನಾವಣೆಯನ್ನೂ ಸೇರಿಸಿಕೊಳ್ಳಬೇಕು. ಘೋಷಣೆಯಾದ ಕೂಡಲೇ ಕೋವಿ ಠಾಣೆಯಲ್ಲಿ ಠೇವಣಿ. ವಿನಾಯಿತಿ ಕೇಳಿ ಅರ್ಜಿ ಹಾಕಬಹುದು, ಸಿಕ್ಕಿದರೆ ಪುಣ್ಯ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ಬೇಸಗೆಯಲ್ಲೇ. ಗೋಣಿಯಲ್ಲಿ ಸುತ್ತಿ ಕೊಟ್ಟು, ಮತ ಎಣಿಕೆಯಾದ ಮೇಲೆ ಬಿಚ್ಚಿ ನೋಡುವಾಗ ಎಲ್ಲಿ ತುಕ್ಕು ಹಿಡಿದಿದೆಯೋ ಎಂದು ನನಗೆ ಪ್ರತಿ ಸಲವೂ ಎದೆ ಡವಡವ.

ಇಷ್ಟೆಲ್ಲ ಕೇಳಿಸಿಕೊಂಡ ಅಳಿಯ, "ನನಗೆ ತೋಟ ಕಾಯುವುದಕ್ಕಲ್ಲ ಮಾವ, ಗುರಿ ಇಡುವುದು ಇಷ್ಟ" ಎಂದ. ಅದನ್ನು ಮೊದಲೇ ಹೇಳಬಾರದೇ! ಹಾಗಿದ್ದರೆ ಏರ್ ರೈಫಲ್. .177 ಬೋರಿನದು, ಗುಂಡಿನ ಶಕ್ತಿ 20 ಜೌಲ್ ಮೀರದ್ದು ಆದರೆ ಪರವಾನಗಿ ಬೇಡ. ಗುರುತಿನ ಚೀಟಿ ಕೊಟ್ಟು ತೆಗೆದುಕೊಳ್ಳಬಹುದು. ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಭಾರತೀಯ ಏರ್ ರೈಫಲ್ ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ಪಂದ್ಯದ ಜರ್ಮನ್ ರೈಫಲ್ ಎರಡು ಲಕ್ಷ ದಾಟುತ್ತದೆ, ಅದು ಈಗಲೇ ಬೇಡ. ಹಿಂದೆ ಮಣ್ಣಿನ ದರೆ ಇರುವ ಜಾಗದಲ್ಲಿ ಹತ್ತು ಮೀಟರ್ ಅಳೆದು ಕಾಗದ ಅಂಟಿಸಿದರೆ ಆಯಿತು. ಆ ಕಾಗದದ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ರಾಗಿಕಾಳಿಗಿಂತ ಚಿಕ್ಕದು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಇದೇ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ, 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಐವತ್ತು ಮೀಟರ್ ರೈಫಲ್ಲಿನಲ್ಲಿ. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆ ಯಾವುದೂ ಸೆಮಿ ಆಟೋಮ್ಯಾಟಿಕ್ ಅಲ್ಲ. ಒಂದೊಂದೇ ಗುಂಡು, ಪ್ರತಿ ಸಲ ಕೈಯಿಂದ ತುಂಬಿಸಬೇಕು.

ಮುಂದಿನ ಭಾನುವಾರ ಅವರ ಮನೆಗೆ ಹೋಗಿದ್ದೆ. ಭಾವ ಕಪಾಟಿನ ಬೀಗ ತೆಗೆದು ಕೋವಿಯನ್ನು ಮಡಚಿ ಮಗನ ಕೈಗಿಟ್ಟರು. ಅವನು ಜಗಲಿಯಂಚಿಗೆ ಬಂದು ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ. ಎಡದ ನಳಿಗೆ ಚೊಕ್ಕವಾಗಿತ್ತು. ಬಲದ್ದನ್ನು ಬಹಳ ಹೊತ್ತು ನೋಡಿ, "ಇಲ್ಲೊಂದು ಕಪ್ಪು ಚುಕ್ಕೆ ಇದೆ, ಅಪ್ಪ" ಎಂದ.

ಭಾವ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದರು: "ಅದು ಲೋಕಸಭೆಯದ್ದು."