ಹೆಬ್ಬೆರಳಿನ ನಿಷ್ಠೆ

ಕೋಲ್ಟ್ ಮೇಲೋ, ಸ್ಮಿತ್ ಆ್ಯಂಡ್ ವೆಸನ್ ಮೇಲೋ ಅಂತ ಅಮೆರಿಕದ ರಿವಾಲ್ವರ್ ಪ್ರಿಯರು ವಾದಕ್ಕೆ ಕೂತರೆ ಬೆಳಗಾದರೂ ಮುಗಿಯಲ್ಲ. ನಿಖರತೆ, ಉಕ್ಕು, ಪಾಲಿಶ್ ಎಲ್ಲ ಬರುತ್ತೆ. ನನಗನ್ನಿಸೋದು, ಅರ್ಧ ನಿಷ್ಠೆ ಇರೋದು ಹೆಬ್ಬೆರಳಲ್ಲಿ. ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ತೆರೆಯೋಕೆ ಸ್ಮಿತ್‌ನ ಲ್ಯಾಚ್ ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನದು ಹಿಂದಕ್ಕೆ ಎಳೀಬೇಕು, ಮೂರನೇ ಕಂಪನಿ ರೂಗರ್‌ನ ಜಿಪಿ100ನದು ಒಳಕ್ಕೆ ಒತ್ತಬೇಕು. ಒಂದಕ್ಕೆ ಪಳಗಿದ ಕೈ ಅವಸರದಲ್ಲಿ ಇನ್ನೊಂದರ ಮೇಲೆ ತಡಕಾಡುತ್ತೆ.

ಟ್ರಿಗರ್ ಕಥೆಯೂ ಅಷ್ಟೆ. 1955ರಲ್ಲಿ ಬಂದ ಹಳೇ ಕೋಲ್ಟ್ ಪೈಥಾನ್‌ನ ಡಬಲ್ ಆ್ಯಕ್ಷನ್ ಎಳೆತ (ಟ್ರಿಗರ್ ಒಂದೇ ಹ್ಯಾಮರ್ ಎತ್ತಿ ಬೀಳಿಸೋದು) ಕೊನೆಕೊನೆಗೆ ಭಾರವಾಗುತ್ತೆ; ಸ್ಮಿತ್‌ನದು ಹೆಚ್ಚುಕಮ್ಮಿ ಒಂದೇ ಸಮ. ಒಬ್ಬರಿಗೆ ದೋಷ ಅನ್ನಿಸಿದ್ದು ಇನ್ನೊಬ್ಬರಿಗೆ ಗುಂಡು ಹಾರುವ ಮುನ್ಸೂಚನೆ.

ಅಭಿಮಾನಿಗಳು ಮೆಲ್ಲಗೆ ಹೇಳೋ ಮಾತುಗಳೂ ಇವೆ. ಹಳೇ ಕೋಲ್ಟ್‌ಗಳಲ್ಲಿ ಸಿಲಿಂಡರ್ ತಿರುಗಿಸುವ ‘ಹ್ಯಾಂಡ್’ ಸವೆದರೆ ಟೈಮಿಂಗ್ ತಪ್ಪುತ್ತೆ, ಅಂದರೆ ಕೋಣೆ ಸಮಯಕ್ಕೆ ಸರಿಯಾಗಿ ಬ್ಯಾರೆಲ್ ನೇರಕ್ಕೆ ಬಂದು ನಿಲ್ಲಲ್ಲ. ಆರೂ ಕೋಣೆ ಖಾಲಿಯೆಂದು ಎರಡು ಸಲ ನೋಡಿ, ಹ್ಯಾಮರ್ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ: ಹ್ಯಾಮರ್ ಪೂರ್ತಿ ನಿಂತರೂ ಸಿಲಿಂಡರ್ ಲಾಕ್ ಆಗದಿದ್ದರೆ ರಿಪೇರಿಗೆ ಹೊರಟಿತು ಅಂತಲೇ. ಹಳೇ ಸ್ಮಿತ್ ಮಾಡೆಲ್ 19ರಲ್ಲಿ ಬ್ಯಾರೆಲ್‌ನ ಹಿಂಬದಿಯ ಬಾಯಿ, ಅಂದರೆ ಫೋರ್ಸಿಂಗ್ ಕೋನ್, ಕೆಳಗೆ ಚಪ್ಪಟೆ ಕೊರೆದಿರೋದರಿಂದ ಅಲ್ಲಿ ತೆಳು. 125 ಗ್ರೇನ್ ತೂಕದ ಹಗುರ ಬುಲೆಟ್‌ನ, ಜೋರು ಮದ್ದಿನ .357 ಮ್ಯಾಗ್ನಮ್ ಗುಂಡು ತುಂಬಾ ಹೊಡೆದರೆ ಬಿರುಕು ಬಿಡುವುದು ಅಲ್ಲೇ. ಅಭ್ಯಾಸಕ್ಕೆ ಅದೇ ಗನ್ನಿಗೆ ಹೊಂದುವ ಮೆತ್ತನೆಯ .38 ಸ್ಪೆಷಲ್ ಗುಂಡು, ಮ್ಯಾಗ್ನಮ್ ಬೇಕೇ ಬೇಕಾದರೆ 158 ಗ್ರೇನ್‌ನ ಭಾರದ ಬುಲೆಟ್.

ರೂಗರ್ ಜಿಪಿ100ಕ್ಕೆ ಫ್ರೇಮ್ ಪಕ್ಕದಲ್ಲಿ ಬಿಚ್ಚುವ ಪ್ಲೇಟೇ ಇಲ್ಲ, ಫ್ರೇಮ್ ಗಟ್ಟಿ. ಅಂದದ ಮಾತು ಬಿಡಿ. ಬ್ರ್ಯಾಂಡ್ ಬದಲಿಸೋಣ ಅಂದರೂ ಕೆ-ಫ್ರೇಮ್ ಸ್ಮಿತ್‌ನ (ಮಾಡೆಲ್ 19ರ ಅಳತೆಯದು) ಸ್ಪೀಡ್‌ಲೋಡರ್, ಅಂದರೆ ಆರೂ ಗುಂಡು ಒಟ್ಟಿಗೆ ತುಂಬುವ ಸಾಧನ, ಜಿಪಿ100ಕ್ಕೆ ಸರಿಹೊಂದಲ್ಲ. ಹೋಲ್ಸ್ಟರ್ ಖರ್ಚು ಬೇರೆ.