ಸದ್ದಿಲ್ಲದೆ ಬರುವ ಆರನೇ ವರ್ಷದ ಹಲ್ಲು

ಹಾಲುಹಲ್ಲು ಹೇಗೂ ಬಿದ್ದುಹೋಗುವುದಲ್ಲವೇ, ಅದಕ್ಕೇಕೆ ಇಷ್ಟು ಉಪಚಾರ ಎಂದು ಕೇಳುವವರು ಬಹಳ. ಎದುರಿನ ಹಲ್ಲುಗಳು 6–8 ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ಹಾಲು ದವಡೆಹಲ್ಲುಗಳು ಮಾತ್ರ 9–12 ವರ್ಷದವರೆಗೆ ಬಾಯಲ್ಲಿರಬೇಕು. ಹುಳುಕಾಗಿ ಐದನೇ ವರ್ಷಕ್ಕೇ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ಸರಿದು ಆ ಜಾಗ ಮುಚ್ಚಿಕೊಳ್ಳುತ್ತದೆ. ಆಮೇಲೆ ಬರಬೇಕಾದ ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ.

ಹಾಗೆ ಮುಂದಕ್ಕೆ ಸರಿಯುವುದು ಸುಮಾರು ಆರನೇ ವರ್ಷಕ್ಕೆ ಬರುವ ದೊಡ್ಡ ಶಾಶ್ವತ ದವಡೆಹಲ್ಲು. ಮೇಲೆ ಎರಡು, ಕೆಳಗೆ ಎರಡು. ಅದು ಬರಲು ಯಾವ ಹಲ್ಲೂ ಬೀಳಬೇಕಿಲ್ಲ, ಎಲ್ಲಕ್ಕಿಂತ ಹಿಂದೆ ಸುಮ್ಮನೆ ಮೂಡುತ್ತದೆ. ಹೀಗಾಗಿ ಹೆತ್ತವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಮೇಲಾಗಿ ಪೂರ್ತಿ ಮೇಲೇಳಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಉದ್ದಕ್ಕೆ ಉಜ್ಜಿದ ಬ್ರಶ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಬಾಯಿ ಅರ್ಧ ಮುಚ್ಚಿಸಿ, ಕೆನ್ನೆಯ ಕಡೆಯಿಂದ ಬ್ರಶ್ಶನ್ನು ಅಡ್ಡಲಾಗಿ ಒಳಗೆ ತೂರಿಸಿ, ಆ ಒಂದೇ ಹಲ್ಲನ್ನು ಪ್ರತ್ಯೇಕವಾಗಿ ಉಜ್ಜಬೇಕು. ಅದರ ಮೇಲಿನ ಗೀರುಗಳಲ್ಲಿ ಕೆಲವು ಬ್ರಶ್ಶಿನ ಎಳೆಗಿಂತಲೂ ಕಿರಿದು. ಅವನ್ನು ತುಂಬಲು ದಂತವೈದ್ಯರು ಹಚ್ಚುವ ಸೀಲೆಂಟ್ ಎಂಬ ಲೇಪ ಇದೆ: ಇಂಜೆಕ್ಷನ್ ಬೇಡ, ಕೊರೆಯುವುದು ಸಾಮಾನ್ಯವಾಗಿ ಬೇಡ. ಆದರೆ ಹಾಕುವಾಗ ಹಲ್ಲು ಒಣಗಿರಬೇಕು, ಎಂಜಲು ತಾಗಿದರೆ ಕಳಚಿಕೊಳ್ಳುತ್ತದೆ.

ರಾತ್ರಿಯ ಬ್ರಶ್ ಬಿಡುವಂತಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ರಕ್ಷಣೆಯೂ ಕಡಿಮೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು, ಮಗುವಿನ ಕೈಗೆ ಆ ಹದ ಬಂದಿರುವುದಿಲ್ಲ. ಚಿಕ್ಕ ಮಗುವನ್ನು ತಲೆ ನಿಮ್ಮ ಮಡಿಲಲ್ಲಿ ಬರುವಂತೆ ಮಲಗಿಸಿ. ತುಟಿ ಎತ್ತಿ, ಒಸಡು ಹಲ್ಲು ಸೇರುವ ಗೆರೆಗೆ ಬ್ರಶ್ ಓರೆಯಾಗಿ ಹಿಡಿದು, ಸಣ್ಣ ಸುತ್ತುಗಳಲ್ಲಿ ಎರಡು ನಿಮಿಷ ಉಜ್ಜಿ. ದವಡೆಹಲ್ಲುಗಳು ಒಂದಕ್ಕೊಂದು ತಾಗಿದ್ದರೆ ನಡುವೆ ಫ್ಲಾಸ್ ದಾರವೂ ಹೋಗಬೇಕು. ಅಲ್ಲಿನ ಹುಳುಕು ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಹಳ ಇಳಿದಿರುತ್ತದೆ.

ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಮೇಲಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ನೋಡಿ. ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಹುಳುಕು ತಡೆಯುವ ಫ್ಲೋರೈಡೇ ಇಲ್ಲ, ಕೆಲವಕ್ಕೆ 500 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು ಎಂಬ ಅಳತೆ) ಆಸುಪಾಸು. ಬೇಕಾದದ್ದು 1000 ಪಿಪಿಎಂ. ಮೂರು ವರ್ಷದೊಳಗೆ ಕುಚ್ಚಲಕ್ಕಿಯ ಒಂದು ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಹೆಚ್ಚು ಹಾಕಿ ದಿನಾ ನುಂಗಿದರೆ ಮುಂದೆ ಶಾಶ್ವತ ಹಲ್ಲಿನಲ್ಲಿ ಬಿಳಿ ಕಲೆ ಬರಬಹುದು, ಆದ್ದರಿಂದ ಟ್ಯೂಬು ದೊಡ್ಡವರ ಕೈಯಲ್ಲೇ ಇರಲಿ. ಉಜ್ಜಿದ ಮೇಲೆ ಉಗುಳಿದರೆ ಸಾಕು. ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ಹೋಯಿತು. ಭತ್ತದ ಹೊಟ್ಟಿನ ಮಸಿ, ಉಪ್ಪು ಮಕ್ಕಳ ಬಾಯಿಗೆ ಬೇಡ. ಹಾಲುಹಲ್ಲಿನ ಹೊರಪದರ, ಅಂದರೆ ಎನಾಮಲ್, ತೆಳು; ತರಿ ಪುಡಿಗೆ ಸವೆಯುತ್ತದೆ.

ತಿನಿಸಿನಲ್ಲಿ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಸಿಹಿ ಬಾಯಿಗೆ ಬಿದ್ದ ಮೇಲೆ ಹುಟ್ಟುವ, ಹಲ್ಲು ಕೊರೆಯುವ ಆಮ್ಲ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಊಟದ ಮೇಲೆ ಒಮ್ಮೆ ತಿಂದ ಗಡ್‌ಬಡ್ ಐಸ್‌ಕ್ರೀಮಿಗಿಂತ ಮಧ್ಯಾಹ್ನದಿಂದ ಸಂಜೆವರೆಗೆ ಒಂದೊಂದಾಗಿ ಮೆಲ್ಲುವ ಬಿಸ್ಕತ್ತು, ಬಾಳೆಕಾಯಿ ಚಿಪ್ಸ್ ಹಲ್ಲಿಗೆ ಕೆಟ್ಟದ್ದು. ಸಿಪ್ಪರ್ ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು ಕೊಡುವುದಂತೂ ಹುಳಿ, ಸಕ್ಕರೆ ಎರಡನ್ನೂ ಗಂಟೆಗಟ್ಟಲೆ ಸುರಿದಂತೆ. ಮಲಗುವಾಗ ಬಾಟಲಿಯಲ್ಲಿ ಸಿಹಿ ಹಾಲು, ಬೆಲ್ಲ ಹಾಕಿದ ರಾಗಿ ಮಣ್ಣಿ ಬೇಡ. ಬೆಲ್ಲ ಒಳ್ಳೆಯದೆಂಬ ಮಾತು ಹಲ್ಲಿನ ಮಟ್ಟಿಗೆ ನಿಜವಲ್ಲ.

ತಿಂಗಳಿಗೊಮ್ಮೆ ಮೇಲಿನ ತುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕಿನ ಆರಂಭ. ದಂತವೈದ್ಯರಿಂದ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚಿಸಿ ರಾತ್ರಿಯ ಬ್ರಶ್ ಸರಿಮಾಡಿದರೆ ಅಲ್ಲಿಗೇ ತಡೆಯಬಹುದು. ಕಂದು ಗುಳಿಯಾದ ಮೇಲೆ ತಾನಾಗಿ ತುಂಬಿಕೊಳ್ಳದು.

ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಕರಾವಳಿಯಲ್ಲಾದರೆ ಮಣಿಪಾಲ, ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆ, ಮಂಗಳೂರು ಬಳಿಯ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಮಗು ದಣಿಯದಿರುವ ಬೆಳಗಿನ ಹೊತ್ತು ಒಳ್ಳೆಯದು. ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ ನೋವಿಲ್ಲವೆಂದು ಬಿಡಬೇಡಿ. ಕೆನ್ನೆ ಬಾತು ಜ್ವರವೂ ಇದ್ದರೆ ಅವತ್ತೇ ಹೋಗಿ.