ಎಬ್ಬಿಸಬೇಡ ಯವ್ವಾ

ಮಂಗಳವಾರ ರಾತ್ರಿ ಬೆಂಗಳೂರಿನ ಭಾವ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದರು: "ಇಂಥ ಫೋಟೋ ತೆಗೆಯಲು ಎಷ್ಟು ತಾಳ್ಮೆ ಬೇಕು! ಹೊಸ ಮನೆಯ ಹಾಲ್‌ಗೆ ಇದೇ ಇರಲಿ. ನಾಲ್ಕು ಅಡಿ ಅಗಲ ಹಾಕಿಸುತ್ತೇನೆ, ದೊಡ್ಡ ಫೈಲ್ ಕಳಿಸು." ಭಾವ ಸುಲಭಕ್ಕೆ ಹೊಗಳುವವರಲ್ಲ. ನನ್ನ ಮದುವೆಯ ಊಟವನ್ನೇ ಪರವಾಗಿಲ್ಲ ಎಂದವರು. ಹಿಗ್ಗಿನಿಂದ ಆ ರಾತ್ರಿಯೇ ಕಂಪ್ಯೂಟರ್ ತೆರೆದು ಕುಳಿತೆ. ಕುಳಿತಿರದಿದ್ದರೆ ಚೆನ್ನಾಗಿತ್ತು.

ಚಿತ್ರ ಮಾಗಡಿ ಕೆರೆಯದು. ಮಾಗಡಿ ಎಂದ ಕೂಡಲೇ ಎಲ್ಲರೂ ಕೆಂಪೇಗೌಡರ ಮಾಗಡಿ ಎಂದುಕೊಳ್ಳುತ್ತಾರೆ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ನನಗೆ ಕಬಿನಿಯ ಸಫಾರಿ ದೂರ, ದುಬಾರಿ. ಅದಕ್ಕಿಂತ ಹೆಚ್ಚಾಗಿ, ಒಂದು ಕರಿಚಿರತೆಗಾಗಿ ಇಪ್ಪತ್ತು ಜೀಪುಗಳು ಸಾಲು ನಿಂತು ಎಲ್ಲರೂ ಒಂದೇ ಚಿತ್ರ ತೆಗೆದು ಮನೆಗೆ ಹೋಗುವುದು ನನಗೆ ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಂಡಂತೆ ಕಾಣುತ್ತದೆ. ಹಾಗಾಗಿ ಕಂತಿನ ಮೇಲೆ ಕೊಂಡ ಹಳೆಯ 150-600 ಎಂ.ಎಂ. ಝೂಮ್ ಲೆನ್ಸ್ ಹೊತ್ತು ಊರಾಚೆಯ ಕೆರೆಗಳನ್ನು ಸುತ್ತುತ್ತೇನೆ. ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ, ಮಂಗಳವಾರದವರೆಗೆ.

ಮೂರು ವಾರದ ಹಿಂದೆ ಲಕ್ಷ್ಮೇಶ್ವರದಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದು, ಬೆಳಿಗ್ಗೆ ಅವಳ ಸ್ಕೂಟರ್ ಹತ್ತಿ ಹೊರಟೆ. ಕೆರೆಯ ಏರಿ ತಲುಪಿದಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಸುತ್ತ ಎರೆ ಹೊಲಗಳು: ಕಡಲೆ, ಬಿಳಿಜೋಳ, ಅಂಚಿನಲ್ಲಿ ಕುಸುಬೆಯ ಮುಳ್ಳು ಬೇಲಿ. ಆ ಹೊಲಗಳ ಕಡೆಯಿಂದಲೇ ಸದ್ದು ಬಂತು. ಹೆಬ್ಬಾತುಗಳ ಕೂಗು ದೂರದಿಂದ ಕೇಳಿದರೆ ಮದುವೆ ದಿಬ್ಬಣ ಜಗಳವಾಡುತ್ತ ಬರುತ್ತಿರುವಂತೆ ಇರುತ್ತದೆ. ಒಂದು ಗುಂಪು, ಅದರ ಹಿಂದೆ ಇನ್ನೊಂದು. ತಲೆಯ ಮೇಲೆ ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ, ನೀರಿಗೆ ಇಳಿದವು.

ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಯಾರೋ ವಿಭೂತಿ ಹಚ್ಚಲು ಹೋಗಿ ಕಾಡಿಗೆ ಹಚ್ಚಿದಂತೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪ್ರತಿ ಗುಂಪಿನಲ್ಲೂ ಅಂಥ ಪಟ್ಟಿಗಾಗಿ ಹುಡುಕುವುದು ನನ್ನ ಚಟ. ಈ ಕೆರೆ 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಇಂಥ ಹಕ್ಕಿಗಳ ಪುಣ್ಯದಿಂದ.

ಅರ್ಧ ಗಂಟೆಯಲ್ಲಿ ಗದ್ದಲ ಅಡಗಿತು. ನಾಮದ ಕೋಳಿಗಳು ಮಾತ್ರ ಓಡಾಡುತ್ತಿದ್ದವು. ಹೆಬ್ಬಾತುಗಳು ಒಂಟಿ ಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಮಲಗಿದವು. ಅಲ್ಲೊಂದು ಇಲ್ಲೊಂದು ಹಕ್ಕಿ ಕತ್ತು ನೇರ ಮಾಡಿ ಕಾವಲಿಗಿತ್ತು. ಇನ್ನಷ್ಟು ಹತ್ತಿರ ಹೋಗೋಣವೆಂದು ಟ್ರೈಪಾಡ್ ಎತ್ತಿಕೊಂಡು ಏರಿ ಇಳಿಯತೊಡಗಿದಾಗ ಹಿಂದಿನಿಂದ ಮಾತು ಕೇಳಿತು.

"ಎಬ್ಬಿಸಬೇಡ ಯವ್ವಾ. ರಾತ್ರಿಯೆಲ್ಲ ನನ್ನ ಹೊಲದಲ್ಲಿದ್ದವು. ಈಗಷ್ಟೇ ಮಲಗಿವೆ."

ಎಪ್ಪತ್ತು ದಾಟಿದ ಅಜ್ಜ. ಹೆಗಲಿಗೆ ಕಂಬಳಿ, ಕೈಯಲ್ಲಿ ಬ್ಯಾಟರಿ. (ಅವರ ಸೀಮೆಯ ಮಾತಿನ ಸೊಗಸನ್ನು ಕಾಗದದ ಮೇಲೆ ಇಳಿಸಲು ನನಗೆ ಬರುವುದಿಲ್ಲ, ಪುಸ್ತಕದ ಮಾತಿನಲ್ಲೇ ಬರೆಯುತ್ತಿದ್ದೇನೆ.) ಈ ಹಕ್ಕಿಗಳು ಹಗಲು ನೀರಿನಲ್ಲಿದ್ದು ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ ಎಂದು ಓದಿದ್ದೆ. ಮೇಯಿಸಿಕೊಂಡವರನ್ನು ನೋಡಿದ್ದು ಅಂದೇ.

"ಎಷ್ಟು ಹೋಯಿತು ಅಜ್ಜಾ?" ಎಂದೆ.

"ಹೋದದ್ದು ಹೋಯಿತು."

ಅಷ್ಟು ಹೇಳಿ ಹೋದರು. ನಾನು ಏರಿಯ ಮೇಲೇ ಕುಳಿತೆ. ಕಡಲೆ ಕಳೆದುಕೊಂಡವನು ಕಳ್ಳರ ನಿದ್ದೆಗೆ ಕಾವಲು ನಿಂತಿದ್ದಾನೆ! ಮನಸ್ಸಿನಲ್ಲೇ ಫೇಸ್‌ಬುಕ್‌ಗೆ ಬರೆಯಲು ಆರಂಭಿಸಿದೆ: ಅನ್ನದಾತ, ವಸುಧೈವ ಕುಟುಂಬಕಂ, ಅದು ಇದು. ನಮ್ಮಂಥವರಿಗೆ ಹಳ್ಳಿಯ ಮುದುಕರನ್ನು ಸಂತರನ್ನಾಗಿ ಮಾಡಲು ಐದು ನಿಮಿಷ ಸಾಕು.

ಎಂಟು ಗಂಟೆಯ ಹೊತ್ತಿಗೆ ಬೈಕಿನಲ್ಲಿ ಒಬ್ಬ ಹುಡುಗ ಬಂದ. ನನ್ನ ಲೆನ್ಸ್‌ಗಿಂತ ಎರಡು ಪಟ್ಟು ಬೆಲೆಯ ಲೆನ್ಸ್, ಮೈಮೇಲೆ ಎಲೆ ಬಣ್ಣದ ಅಂಗಿ, ಟೋಪಿ. ಬಯಲುಸೀಮೆಯ ಬೋಳು ಏರಿಯ ಮೇಲೆ ಎಲೆ ಬಣ್ಣ ಧರಿಸಿದರೆ ಯಾವ ಹಕ್ಕಿಯ ಕಣ್ಣು ತಪ್ಪಿಸಿದಂತೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಳ್ಳೆಯ ಹುಡುಗನೇ. ಬಂದವನೇ ನಮಸ್ಕಾರ ಮೇಡಂ ಎಂದ, ಫ್ಲಾಸ್ಕಿನಿಂದ ಚಹಾ ಕೊಟ್ಟ. ಇಪ್ಪತ್ತು ನಿಮಿಷ ಕಾದ. ಆಮೇಲೆ ಅವನ ಮೊಣಕಾಲು ಅಲುಗಾಡತೊಡಗಿತು.

"ಇವು ಹೀಗೇ ಮಲಗಿದ್ದರೆ ಏನು ಸಿಗುತ್ತದೆ ಮೇಡಂ?" ಎಂದ. ಏರಿಯ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದ. ಬಗ್ಗಿದ. "ರೆಡಿ ಇರಿ ಮೇಡಂ" ಎಂದ.

ಕಲ್ಲು ಹಕ್ಕಿಗಳ ಹತ್ತಿರಕ್ಕೂ ಹೋಗಲಿಲ್ಲ. ಅಂಚಿನ ನೀರಿಗೆ ಬಿತ್ತು. ಅಷ್ಟು ಸಾಕಾಗಿತ್ತು. ಮೊದಲು ಕಾವಲು ಹಕ್ಕಿಯ ಒಂದು ಕೂಗು. ಮರುಕ್ಷಣ ಕೆರೆಯ ಅರ್ಧ ಮೈ ಎದ್ದು ನಿಂತಂತಾಯಿತು. ನೂರಾರು ರೆಕ್ಕೆಗಳು ನೀರನ್ನು ಬಡಿದ ಸದ್ದು, ಎಳೆ ಬಿಸಿಲಿನಲ್ಲಿ ಹೊಳೆದ ಹನಿಗಳು, ಹಿಂದೆ ಮಸುಕಾಗಿ ಗುಡ್ಡದ ಗೆರೆ. ಭಾವನ ಹಾಲ್‌ಗೆ ಹೋಗಲಿರುವ ಚಿತ್ರ ಅದೇ.

ಈ ಮೂರು ವಾರ ನಾನು ಈ ಕಥೆಯನ್ನು ಕನಿಷ್ಠ ಆರು ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಹುಡುಗ ರೆಡಿ ಇರಿ ಎನ್ನುತ್ತಾನೆ, ನಾನು "ಬೇಡಪ್ಪಾ, ಬೇಡ" ಎನ್ನುತ್ತೇನೆ, ಅಷ್ಟರಲ್ಲಿ ಕಲ್ಲು ಬಿದ್ದಿರುತ್ತದೆ. ಬಿದ್ದ ಮೇಲೆ ಏನು ಮಾಡುವುದು, ಕೈ ತಾನಾಗಿ ಗುಂಡಿ ಒತ್ತಿತು. ಕೇಳಿದವರೆಲ್ಲ ಹುಡುಗನನ್ನು ಬೈದರು. ನಾನೂ ಬೈದೆ.

ಮಂಗಳವಾರ ರಾತ್ರಿ ದೊಡ್ಡ ಫೈಲ್ ತೆರೆದಾಗ, ಇಷ್ಟು ಹಕ್ಕಿಗಳಲ್ಲಿ ಯಾವುದರ ಕೊರಳಿಗಾದರೂ ಪಟ್ಟಿ ಇದೆಯೇ ಎಂದು ನೋಡೋಣವೆನಿಸಿ ಆ ಸರಣಿಯನ್ನು ಮೊದಲಿನಿಂದ ಒಂದೊಂದಾಗಿ ಸರಿಸಿದೆ. ಒಟ್ಟು 43 ಚಿತ್ರಗಳು. ನನ್ನ ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆ. ಭಾವನಿಗೆ ಮೆಚ್ಚಾದದ್ದು ಇಪ್ಪತ್ತೇಳನೆಯದು.

ಮೊದಲ ಹನ್ನೊಂದು ಚಿತ್ರಗಳಲ್ಲಿ ಹಕ್ಕಿಗಳು ಮಲಗಿವೆ.

ಹನ್ನೊಂದು ಎಂದರೆ ಒಂದು ಸೆಕೆಂಡಿಗೂ ತುಸು ಹೆಚ್ಚು. ಕಲ್ಲು ಗಾಳಿಯಲ್ಲಿದ್ದ ಹೊತ್ತು. ಮೊದಲನೆಯ ಚಿತ್ರದ ಎಡ ಅಂಚಿನಲ್ಲಿ ಹಸಿರು ಮಬ್ಬೊಂದಿದೆ, ಹುಡುಗನ ತೋಳು. ಗುಂಪಿಗೆ ಕಳಿಸುವಾಗ ಆ ಅಂಚನ್ನು ಎಲ್ಲ ಚಿತ್ರಗಳಿಂದಲೂ ಕತ್ತರಿಸಿದ್ದೆ, ಏನೆಂದು ನೋಡಿರಲಿಲ್ಲ. ಕೈ ತಾನಾಗಿ ಒತ್ತಿತು ಎಂದುಕೊಳ್ಳಲು ಅಲ್ಲಿಗೂ ಜಾಗವಿತ್ತು. ಆದರೆ ಕ್ಯಾಮೆರಾ ಗುಮಾಸ್ತನಂತೆ ಎಲ್ಲವನ್ನೂ ಬರೆದಿಡುತ್ತದೆ. ಈ ಸರಣಿಗೆ ಹಿಂದಿನ ಚಿತ್ರಗಳೆಲ್ಲ 600 ಎಂ.ಎಂ.ನಲ್ಲಿ, ಒಂದು ಹಕ್ಕಿಯ ತಲೆ ತುಂಬುವಷ್ಟು ಹತ್ತಿರಕ್ಕೆ ಎಳೆದವು. ಶಟರ್ ವೇಗ ಸೆಕೆಂಡಿನ 1/500. ಇವು 43 ಮಾತ್ರ 200 ಎಂ.ಎಂ., ಶಟರ್ 1/2000. ಮಲಗಿದ ಹಕ್ಕಿಗೆ 1/2000 ಬೇಕಿಲ್ಲ. ಅದು ಹಾರುವ ಹಕ್ಕಿಗೆ. ರೆಡಿ ಇರಿ ಎಂದಾಗ ನಾನು ಬೇಡ ಎನ್ನಲಿಲ್ಲ, ರೆಡಿಯಾದೆ. ಝೂಮ್ ಹಿಂದಕ್ಕೆ ಎಳೆದೆ, ಚಕ್ರ ತಿರುಗಿಸಿದೆ, ತೋಳು ಮೇಲೇಳುವುದನ್ನು ಕಾದೆ. ತಾಳ್ಮೆಯಿಂದಲೇ.

ಬೇಡಪ್ಪಾ ಎಂದದ್ದು ಯಾವಾಗ ಹಾಗಾದರೆ? ಬಹುಶಃ ಮನೆಗೆ ಬಂದ ಮೇಲೆ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆ ನನಗೆ ಬಾಯಿಪಾಠ. ಶಿಬಿರಗಳಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಅಟ್ಟುವುದು, ಆಮಿಷ ಒಡ್ಡುವುದು ಕೂಡ ಬೇಟೆಯೇ ಎಂದು. ಹಳಬರ ಕಥೆಗಳನ್ನೂ ಹೇಳುತ್ತೇನೆ: ವನ್ಯಜೀವಿ ಛಾಯಾಗ್ರಾಹಕರಾದ ಪೆರುಮಾಳ್, ಸಂಡೂರಿನ ಘೋರ್ಪಡೆಯವರ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರು ಚಿತ್ರ, ಮೂವತ್ತಾರನ್ನೂ ಯೋಚಿಸಿ ಒತ್ತಬೇಕಿತ್ತು ಎಂದು. ನಾನು ನಾಲ್ಕು ಸೆಕೆಂಡಿನಲ್ಲಿ ಒಂದು ರೀಲು ದಾಟಿದ್ದೆ. 2009ರಲ್ಲಿ ಲಂಡನ್ನಿನ ದೊಡ್ಡ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಗೇಟು ಹಾರುವ ತೋಳದ ಚಿತ್ರ ಗೆದ್ದಿತ್ತು. ಅದು ಪಳಗಿಸಿದ ತೋಳವಿರಬೇಕೆಂದು ತೀರ್ಪುಗಾರರಿಗೆ ಆಮೇಲೆ ಅನಿಸಿ ಪ್ರಶಸ್ತಿ ಹಿಂದಕ್ಕೆ ಪಡೆದರು. ನನ್ನ ಚಿತ್ರದಲ್ಲಿ ಅಂಥದ್ದೇನೂ ಇಲ್ಲ. ಹಕ್ಕಿ ನಿಜ, ಕೆರೆ ನಿಜ, ಬೆಳಕು ನಿಜ. ಯಾವ ತೀರ್ಪುಗಾರರಿಗೂ ಸಿಕ್ಕಿಬೀಳುವುದಿಲ್ಲ. ಹನ್ನೊಂದು ಚಿತ್ರಗಳನ್ನು ಅಳಿಸಿಬಿಟ್ಟರೆ ನನಗೂ ಸಿಕ್ಕಿಬೀಳುವುದಿಲ್ಲ.

ಹುಡುಗನನ್ನು ಬೈಯಲು ಈಗ ಬಾಯಿ ಬರುತ್ತಿಲ್ಲ. ಅವನು ಮುಚ್ಚುಮರೆಯಿಲ್ಲದೆ ಎಸೆದ, ತನಗೆ ಬೇಕಾದ್ದನ್ನು ತೆಗೆದುಕೊಂಡ, ಖಾಲಿ ಲೋಟ ಇಸಿದುಕೊಂಡು ಹೋದ. ಅಂಗಿಯ ಬಣ್ಣವನ್ನು ಹಂಗಿಸಿದ್ದು ಕೂಡ ಈಗ ಸಣ್ಣತನವೆನಿಸುತ್ತಿದೆ.

ಅವು ಎದ್ದದ್ದರಿಂದ ಏನಾಯಿತು ಮಹಾ ಎಂದೂ ಒಂದು ರಾತ್ರಿ ವಾದಿಸಿಕೊಂಡೆ. ಹಿಮಾಲಯ ದಾಟುವ ಹಕ್ಕಿಗೆ ಒಂದು ಸುತ್ತು ಯಾವ ಲೆಕ್ಕ? ಈ ಹಕ್ಕಿಗಳು 7000 ಮೀಟರ್ ದಾಟಿ ಹಾರಿದ ದಾಖಲೆ ಇದೆ. ಆದರೆ ಸಾಧನಗಳನ್ನು ಕಟ್ಟಿ ಅವುಗಳ ಎದೆಬಡಿತ ಅಳೆದವರು ಕಂಡುಕೊಂಡದ್ದು ಬೇರೆ. ಅವು ಸುಮ್ಮನೆ ಮೇಲೆ ಹಾರುತ್ತ ಹೋಗುವುದಿಲ್ಲ. ಬೆಟ್ಟದ ಏರಿಳಿತವನ್ನೇ ಅನುಸರಿಸಿ, ಕಣಿವೆ ಬಂದಲ್ಲಿ ಇಳಿದು, ಗಾಳಿ ದಟ್ಟವಾಗಿರುವ ಕೆಳಮಟ್ಟದಲ್ಲೇ ಸಾಧ್ಯವಾದಷ್ಟು ಸಾಗಿ ಶಕ್ತಿ ಉಳಿಸುತ್ತವೆ. ಹದ್ದಿನಂತೆ ತೇಲುವ ಸುಖ ಅವುಗಳಿಗಿಲ್ಲ, ದಾರಿಯುದ್ದಕ್ಕೂ ರೆಕ್ಕೆ ಬಡಿಯಲೇಬೇಕು. ಜಿಪುಣ ಗೃಹಿಣಿಯಂತೆ ಲೆಕ್ಕ ಇಟ್ಟು ಬಂದ ಹಕ್ಕಿಗಳು. ಮಾರ್ಚ್ ಹೊತ್ತಿಗೆ ಮೈ ತುಂಬಿಕೊಂಡು ಹಿಂದಿರುಗಬೇಕು. ಆ ಲೆಕ್ಕದಿಂದ ನಾವಿಬ್ಬರು ಒಂದು ಹಿಡಿ ಕಡಲೆಯನ್ನು ಕದ್ದೆವು ಎನ್ನಬಹುದು.

ಕಡಲೆ ಎಂದಾಗ ಅಜ್ಜನ ನೆನಪು. ಕೆರೆ ಬಿಟ್ಟು ಎದ್ದ ಗುಂಪು ಎರಡು ಸುತ್ತು ಹಾಕಿ, ಅರ್ಧ ನೀರಿಗಿಳಿಯಿತು, ಅರ್ಧ ಹೊಲಗಳ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜ ಏದುಸಿರು ಬಿಡುತ್ತ ಏರಿ ಹತ್ತಿ ಬಂದರು. ಹುಡುಗ ಅಷ್ಟರಲ್ಲಿ ಹೊರಟಿದ್ದ.

"ಹೇಳಿದ್ದೆನಲ್ಲ ಯವ್ವಾ, ಎಬ್ಬಿಸಬೇಡ ಎಂದು. ಮಲಗಿದ್ದರೆ ಹೊಟ್ಟೆಯೂ ಮಲಗಿರುತ್ತದೆ. ಎದ್ದರೆ ನೇರ ನನ್ನ ಹೊಲಕ್ಕೇ ಬರುತ್ತವೆ."

ನನ್ನ ಸಂತ ಅಲ್ಲಿಗೆ ಮುಗಿದ. ಹಕ್ಕಿಯ ನಿದ್ದೆಯ ಮೇಲಿನ ಕರುಣೆಯಲ್ಲ ಅದು, ಉಳಿದ ಕಡಲೆಯ ಕಾವಲು. ಒಂದು ಕ್ಷಣ ನಿರಾಸೆಯೇ ಆಯಿತು ಎಂದರೆ ನಾಚಿಕೆ. ಕಲ್ಲೆಸೆದವನು ನಾನಲ್ಲ ಎಂದೆ. ಅವರು ಉತ್ತರಿಸಲಿಲ್ಲ. ಹೊಲಕ್ಕೆ ಹೋದ ಹಕ್ಕಿಗಳನ್ನು ಓಡಿಸಿ ಬಂದಿರಾ ಎಂದು ಕೇಳಿದೆ. ಇಲ್ಲ, ಮೊಮ್ಮಗ ಡಬ್ಬಿ ಬಡಿಯುತ್ತಿದ್ದಾನೆ ಎಂದರು. ಹಕ್ಕಿಯ ಹಿಕ್ಕೆ ಒಳ್ಳೆಯ ಗೊಬ್ಬರವಂತಲ್ಲ ಅಜ್ಜಾ ಎಂದು ಸಮಾಧಾನದ ಮಾತೊಂದನ್ನು ಹುಡುಕಿ ಆಡಿದೆ.

"ಹಾಗೆ ಹೇಳುವವರಿದ್ದಾರೆ. ಅವರಿಗೆ ಹೊಲವಿಲ್ಲ."

ಆಮೇಲೆ ಫೋಟೋ ತೋರಿಸು ಎಂದರು. ಕ್ಯಾಮೆರಾದ ಸಣ್ಣ ಪರದೆಗೆ ಕಂಬಳಿಯ ನೆರಳು ಮಾಡಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮೆಚ್ಚುತ್ತಿದ್ದಾರೆ ಎಂದುಕೊಂಡೆ. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ನೂರು ದಾಟಿದ ಮೇಲೆ ಬಿಟ್ಟುಬಿಟ್ಟು, "ಇವಿಷ್ಟೂ ನಮ್ಮಲ್ಲಿ ಉಂಡವೇ" ಎಂದರು. ಆ ದನಿಯಲ್ಲಿ ಸಿಟ್ಟು ಎಷ್ಟು, ಹೆಮ್ಮೆ ಎಷ್ಟು ಎಂದು ಈ ಮೂರು ವಾರದಲ್ಲಿ ಎಷ್ಟು ಸಲ ಕೇಳಿಸಿಕೊಂಡರೂ ನನಗೆ ಬಿಡಿಸಲಾಗಿಲ್ಲ. ಬೀಗರ ಊಟ ಹಾಕಿ ಸಾಲ ಮಾಡಿಕೊಂಡವರು ಎಂಜಲೆಲೆ ಎಣಿಸುವಾಗ ಬರುವ ದನಿ ಅದು.

ಗುರುವಾರ ಭಾವ ಮತ್ತೆ ನೆನಪಿಸಿದರು, ಫ್ರೇಮಿನವನು ಕಾಯುತ್ತಿದ್ದಾನೆ ಎಂದು. ನಾನು ಮೂರನೆಯ ಚಿತ್ರವನ್ನು ಕಳಿಸಿದೆ. ಎಡ ಅಂಚನ್ನು ಈ ಸಲ ಕತ್ತರಿಸಲಿಲ್ಲ. ನಿಂತ ನೀರು, ಕಂದು ಬೂದು ಉಂಡೆಗಳಂತೆ ಮಲಗಿದ ಹಕ್ಕಿಗಳು, ಕಾವಲಿಗೆ ಎತ್ತಿದ ಒಂದೇ ಒಂದು ಪಟ್ಟೆತಲೆ. ಎರಡು ನೀಲಿ ಗೆರೆ ಬಿದ್ದು ಹತ್ತು ನಿಮಿಷ ಕಳೆದ ಮೇಲೆ ಉತ್ತರ ಬಂತು.

"ಇದರಲ್ಲಿ ಏನೂ ನಡೆಯುತ್ತಿಲ್ಲವಲ್ಲ. ಮತ್ತೆ ಆ ಮೂಲೆಯಲ್ಲಿ ಹಸಿರು ಏನದು, ಲೆನ್ಸ್ ಒರೆಸಿರಲಿಲ್ಲವೇ?"